ಅತ್ತೆಗೆ ಕೊಟ್ಟ ವಿಶ್ರಾಂತಿ

ಹೊಸ ವರ್ಷಕ್ಕೆಂದು ಮನೆಯ ರೂಪ ಬದಲಿಸುವವರನ್ನು ಕಂಡರೆ ನನಗೆ ಹೇಸಿಕೆ. ಹಳೆಯ ಡಬ್ಬಿಗೆ ಹೊಸ ಲೇಬಲ್ ಅಂಟಿಸಿ, ಒಳಗಿನ ಹುಳಬಿದ್ದ ಬೇಳೆಯನ್ನು ಹಾಗೇ ಬಿಟ್ಟು, ಬದುಕು ಸುಧಾರಿಸಿತೆಂದು ಮೊಬೈಲಿನಲ್ಲಿ ಫೋಟೋ ಹಾಕುವ ಜನ. ಅವರಲ್ಲಿ ನಾನೂ ಒಬ್ಬನಾಗಿದ್ದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಪಶ್ಚಾತ್ತಾಪದಂತೆ ಕೇಳಿಸುತ್ತದೆ, ಅದು ನನಗಿನ್ನೂ ಬಂದಿಲ್ಲ.

ಉಣಕಲ್ಲಿನ ನಮ್ಮ ಮನೆಯಲ್ಲಿ ಇದ್ದವರು ನಾಲ್ವರು: ಅಣ್ಣ, ಅವನ ಹೆಂಡತಿಯಾದ ನನ್ನ ವೈನಿ, ನಾನು, ಮತ್ತು ಅಪ್ಪನ ತಂಗಿ, ನಮ್ಮ ಅತ್ತೆ. ಗಂಡ ತೀರಿದ ಮೇಲೆ ಅತ್ತೆ ಅಮ್ಮಿನಬಾವಿಯಿಂದ ಇಲ್ಲಿಗೆ ಬಂದಳು. ಅಡುಗೆಮನೆಯ ಮೂಲೆಯಲ್ಲಿ ನೆಲದ ಮೇಲೆ ಕೂತು, ಮುಂದೊಂದು ಗ್ಯಾಸಿನ ಒಲೆ, ಮಗ್ಗುಲಲ್ಲಿ ಹಿಟ್ಟಿನ ಪರಾತ ಇಟ್ಟುಕೊಂಡು ಮೂವತ್ತು ವರ್ಷ ರೊಟ್ಟಿ ಬಡಿದಳು. ಈ ಮನೆಯಲ್ಲಿ ಅವಳ ಹಕ್ಕು ಎಂದರೆ ಆ ಮೂಲೆ. ಬೇರೆ ಕಾಗದಪತ್ರ ಇರಲಿಲ್ಲ. ಇದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿ ಅಣ್ಣ ಅಡುಗೆಮನೆ ಒಡೆಸಿದ. ಸೊಂಟದೆತ್ತರಕ್ಕೆ ಕರಿಯ ಗ್ರಾನೈಟ್ ಕಟ್ಟೆ ಬಂತು, ಮೇಲೆ ಚಿಮಣಿ ಬಂತು, ಮುಚ್ಚಿದರೆ ಸದ್ದಾಗದ ಡ್ರಾವರುಗಳು ಬಂದವು. ಸದ್ದಾಗದ ಡ್ರಾವರನ್ನು ಬಂದವರಿಗೆಲ್ಲ ತೆರೆದು ಮುಚ್ಚಿ ತೋರಿಸುವಾಗ ಅವನ ಮುಖದಲ್ಲಿ ತಂದೆಯಾದವನ ಕಳೆ ಇರುತ್ತಿತ್ತು. ಅತ್ತೆಯ ಮೂಲೆಗೆ ಫ್ರಿಜ್ ಬಂತು. ಅವಳ ಒಲೆ ಹಳೇ ಹುಬ್ಬಳ್ಳಿಯ ಗುಜರಿಗೆ ಹೋಯಿತು.

ಜನವರಿ ಒಂದರ ಬೆಳಿಗ್ಗೆ ಅಣ್ಣ ಚಹಾದ ಕಪ್ಪು ಕೈಯಲ್ಲಿ ಹಿಡಿದು ಘೋಷಿಸಿದ: “ಇವತ್ತಿನಿಂದ ನಮ್ಮ ಅತ್ತೀಗೆ ರೆಸ್ಟ್. ಭಾಳ ದುಡದಾಳ. ಇನ್ನ ಮ್ಯಾಲ ರೊಟ್ಟಿ ಹೊರಗಿಂದ ತರಸೂದು.”

“ನನ್ನ ಕೇಳಿದ್ಯೇನೋ?” ಎಂದಳು ಅತ್ತೆ.

“ರೆಸ್ಟ್ ಕೊಡಾಕ ಕೇಳೂದೇನೈತಿ ಅತ್ತಿ? ಆರಾಮ ಟಿವಿ ನೋಡು.”

ನನ್ನ ನೆನಪಿನಲ್ಲಿ ನಾನು ಆಗ ವಿರೋಧಿಸಿದ್ದೇನೆ. ಎದ್ದು ನಿಂತು ಏನೋ ಒಳ್ಳೆಯ ಮಾತನ್ನೇ ಆಡಿದ್ದೇನೆ. ಈಚೆಗೊಮ್ಮೆ ವೈನಿ ಇದನ್ನು ಕೇಳಿ ನಕ್ಕಳು. “ನೀವಾ? ಆ ಒಲಿ ಮ್ಯೂಜಿಯಮ್ಮಿಗೆ ಕೊಡ್ರಿ ಅಂದಾವ್ರ ನೀವು.” ವೈನಿಯನ್ನೇ ನಂಬುತ್ತೇನೆ. ನನ್ನನ್ನು ಒಳ್ಳೆಯವನನ್ನಾಗಿ ಮಾಡುವ ಆಸೆ ನನ್ನ ನೆನಪಿಗಿದೆ, ಅವಳಿಗಿಲ್ಲ.

ಎರಡು ವಾರ ಅತ್ತೆ ಟಿವಿಯ ಮುಂದೆ ಕೂತಳು. ಮೊಣಕಾಲಿನ ಮೇಲೆ ಅಂಗೈಗಳನ್ನು ಮೇಲುಮುಖವಾಗಿ ಇಟ್ಟುಕೊಂಡು ಕೂರುತ್ತಿದ್ದಳು, ಯಾರೋ ಅವನ್ನು ತಪಾಸಣೆಗೆ ಕೇಳಿದ್ದಾರೆ ಎಂಬಂತೆ. ಅವಳು ಬಚ್ಚಲಿಗೆ ಹೋಗುವಾಗಲೂ ವೈನಿ, “ಯಾಕ ಎದ್ರಿ? ಕುಂದರ್ರಿ,” ಎನ್ನುತ್ತಿದ್ದಳು. ನಮ್ಮ ದಯೆ ಅಷ್ಟು ಮುತುವರ್ಜಿಯದು.

ಆಮೇಲೆ ಭೋಗಿ ಬಂತು. ಸಂಕ್ರಾಂತಿಯ ಹಿಂದಿನ ದಿನ ನಮ್ಮ ಕಡೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಬದನೆಕಾಯಿ, ಗುರೆಳ್ಳಿನ ಚಟ್ನಿ ತಾಟಿನಲ್ಲಿಟ್ಟು ಮನೆಯಿಂದ ಮನೆಗೆ ಕಳಿಸುತ್ತಾರೆ. ಅವರ ತಾಟು ನಮ್ಮಲ್ಲಿಗೆ ಬರುತ್ತದೆ. ಯಾರ ಕೈ ಹೇಗೆ ಎಂದು ಓಣಿಗೆಲ್ಲ ಗೊತ್ತಾಗುವ ದಿನ ಅದು. ವೈನಿ ಉಣಕಲ್ ಕೆರೆಯ ಹಿಂದಿನ ರೊಟ್ಟಿ ಕೇಂದ್ರದಿಂದ ಮೂರು ಪ್ಯಾಕೆಟ್ ತರಿಸಿದಳು. ಅದರಲ್ಲಿ ಒಂದು ರೊಟ್ಟಿ ಒಡೆದಿತ್ತು. ಅದನ್ನು ಒಂದು ತಾಟಿನ ತಳಕ್ಕೆ ಹಾಕಿ, ಮೇಲೆ ಎರಡು ಚೊಕ್ಕ ರೊಟ್ಟಿ ಮುಚ್ಚಿ, ಐದು ಮನೆಗೆ ಐದು ತಾಟು ಕಳಿಸಿದಳು.

ಮಧ್ಯಾಹ್ನದೊಳಗೆ ಐದು ತಾಟು ಬಂದವು. ಅತ್ತೆ ಬಟ್ಟೆ ಸರಿಸಿ ನೋಡಿದಳು. ಡಬ್ಬಿಯ ಮುಚ್ಚಳದಿಂದ ಕೊರೆದಂತೆ ಎಲ್ಲ ರೊಟ್ಟಿಯೂ ನಮ್ಮ ಪ್ಯಾಕೆಟ್ಟಿನವುಗಳಂತೆಯೇ ಒಂದೇ ಅಳತೆ, ಒಂದೇ ಬಣ್ಣ, ಎಣಿಸಿ ಉದುರಿಸಿದಷ್ಟೇ ಎಳ್ಳು. ಓಣಿಯ ಆರೂ ಮನೆಯ ಹೆಂಗಸರು ಹೊಸ ವರ್ಷದಿಂದ ಆರಾಮಾಗಿದ್ದರು. ಐದನೆಯ ತಾಟಿನ ತಳದಲ್ಲಿ ಒಂದು ಒಡೆದ ರೊಟ್ಟಿ ಇತ್ತು.

“ತಂಗಿ, ನಿನ್ನ ರೊಟ್ಟಿ ಊರು ಸುತ್ತಿ ಮನಿಗೆ ಬಂತ ನೋಡು,” ಎಂದಳು ಅತ್ತೆ ವೈನಿಗೆ. “ದಣದೈತಿ. ಅದಕ್ಕೂ ರೆಸ್ಟ್ ಕೊಡವಾ.”

ಅದು ನಮ್ಮದೇ ಎಂದು ಅಣ್ಣ ಇಂದಿಗೂ ಆಣೆ ಮಾಡುತ್ತಾನೆ. ನಾನು ಮಾಡುವುದಿಲ್ಲ. ಒಡೆದ ರೊಟ್ಟಿಯನ್ನು ತಳಕ್ಕೆ ಹಾಕುವ ಬುದ್ಧಿ ವೈನಿಯೊಬ್ಬಳಿಗೇ ಇದೆ ಎಂದು ಓಣಿಯನ್ನು ಹೊಗಳಲಾರೆ.

ಸಂಜೆ ಎದುರುಮನೆಯಾಕೆ ತಾಟು ಒಯ್ಯಲು ಬಂದಳು. “ಯಾಕ್ರಿ ಅತ್ತಿ, ಈ ಸಲ ನಿಮ್ಮ ಕೈ ರೊಟ್ಟಿ ಇಲ್ಲಲ್ಲರಿ?”

“ನನಗ ರೆಸ್ಟ್ ಕೊಟ್ಟಾರವಾ,” ಎಂದಳು ಅತ್ತೆ. ಸಸ್ಪೆಂಡಾದ ಗುಮಾಸ್ತ ಹಾಗೆ ಹೇಳುತ್ತಾನೆ.

ಸಂಕ್ರಾಂತಿ ಕಳೆದ ಮರುದಿನ ಅವಳು ಹೇಳದೆ ಹೊರಗೆ ಹೋದಳು. ಸಂಜೆ ಬಂದಾಗ ಮೊಣಕೈವರೆಗೆ ಹಿಟ್ಟಿತ್ತು. ಕೆರೆಯ ಹಿಂದಿನ ಕೇಂದ್ರದಲ್ಲಿ ಇಪ್ಪತ್ತು ಹೆಂಗಸರು ನೆಲದ ಮೇಲೆ ಸಾಲಾಗಿ ಕೂತು ರೊಟ್ಟಿ ಬಡಿಯುತ್ತಾರಂತೆ. ಇಪ್ಪತ್ತೊಂದನೆಯ ಒಲೆಗೆ ಇವಳನ್ನು ಕೂರಿಸಿದ್ದರು.

ಅಣ್ಣ ಬೆವರಿದ. ಮೂವತ್ತು ವರ್ಷ ಅವಳು ನಮ್ಮಲ್ಲಿ ಬಡಿದದ್ದು ಪ್ರೀತಿ, ಅಲ್ಲಿ ಬಡಿದರೆ ಅದು ಕೂಲಿ. “ನಮ್ಮ ಮನ್ಯಾಕಿ ಮಂದಿಗೆ ರೊಟ್ಟಿ ಬಡಿಯೂದಾ? ಮಂದಿ ಏನಂತಾರ?”

“ಏನೂ ಅಂದಿಲ್ಲ. ನಾಳೆ ಲಗೂ ಬಾ ಅಂದಾರ.”

ಆ ರಾತ್ರಿಯೇ ಅಣ್ಣ ಹೊಸ ಒಲೆ ತಂದ. ಫ್ರಿಜ್ಜನ್ನು ನಾನೂ ಅವನೂ ಸೇರಿ ಹಾಲ್‌ಗೆ ನೂಕಿದೆವು. ಮೂಲೆಯ ಹೊಸ ಟೈಲ್ಸಿನ ಮೇಲೆ ಒಲೆ ಇಟ್ಟು, ಮಣೆ ಹಾಕಿ, ಬೆಳಿಗ್ಗೆ ಅತ್ತೆಯನ್ನು ಕರೆದೆವು. ನಮ್ಮ ಔದಾರ್ಯಕ್ಕೆ ನಾವೇ ಕರಗಿದ್ದೆವು.

ಅತ್ತೆ ಬಾಗಿಲಲ್ಲೇ ನಿಂತು ನೋಡಿದಳು. “ಛಲೋ ಐತಿ. ಆದ್ರ ಇಲ್ಲಿಂದ ಒಮ್ಮೆ ಎಬ್ಬಿಸೀರಿ. ಮತ್ತ ಯಾವ ಹಬ್ಬಕ್ಕ ಎಬ್ಬಸ್ತೀರಿ ಯಾರಿಗೆ ಗೊತ್ತು?”

“ಇಲ್ಲ ಅತ್ತಿ, ಖರೇನ ಹೇಳ್ತೇನಿ—”

“ಅಲ್ಲಿ ಒಬ್ಬಾಕಿಗೆ ಏಳು ಅಂದ್ರ ಇಪ್ಪತ್ತೊಂದು ಮಂದಿ ಏಳ್ತೇವಪಾ. ಇಲ್ಲಿ ಏಳು ಅಂದ್ರ ನಾ ಒಬ್ಬಾಕೆನ ಏಳಬೇಕು.”

ಸೆರಗು ಸಿಕ್ಕಿಸಿಕೊಂಡು ಚಪ್ಪಲಿ ಮೆಟ್ಟಿದಳು. ರಾತ್ರಿ ಮಲಗಲು ಬರುತ್ತೇನೆ, ಅನ್ನ ಮಾಡಿಕೊಳ್ಳಿ ಎಂದಳು. ಅಡುಗೆಮನೆಯಲ್ಲಿ ಅಣ್ಣ ಏನು ಮಾಡಬೇಕೆಂದು ತಿಳಿಯದೆ ಕುಕ್ಕರಗಾಲಿನಲ್ಲಿ ಕೂತು, ಹೊಸ ಒಲೆಗೆ ಅಂಟಿಸಿದ್ದ ಸ್ಟಿಕ್ಕರನ್ನು ಉಗುರಿನಿಂದ ಕೀಳತೊಡಗಿದ. ಅರ್ಧ ಬಂತು.