ಎಬರ್ಲೆ ಅಜ್ಜಿಯ ಪಾಳಿ

ಜರ್ಮನಿಯ ಬೊಬ್ಲಿಂಗೆನ್‌ನ ಆ ಮನೆಯಲ್ಲಿ ಕೆಳಗೊಂದು, ನಡುವೆ ಒಂದು, ಮೇಲೊಂದು ಸಂಸಾರ. ಎಲ್ಲರಿಗೂ ಸೇರಿ ಒಂದೇ ಮೆಟ್ಟಿಲಸಾಲು, ಒಂದೇ ಹಲಗೆ. ಅಂಗೈಯಗಲದ ಆ ಮರದ ಹಲಗೆ ಯಾರ ಬಾಗಿಲ ಹಿಡಿಕೆಗೆ ತೂಗುತ್ತದೋ, ಆ ವಾರ ಮೆಟ್ಟಿಲು, ನೆಲಮಾಳಿಗೆ, ಮನೆಮುಂದಿನ ಕಾಲುದಾರಿ ಇಷ್ಟನ್ನೂ ಗುಡಿಸಿ ಒರೆಸುವ ಪಾಳಿ ಅವರದು. ಇದಕ್ಕೆ ಅಲ್ಲಿಯವರು ಕೇರ್‌ವೊಖೆ ಎನ್ನುತ್ತಾರೆ. ಹೆಂಡತಿಯ ಹುಟ್ಟುಹಬ್ಬ ಮರೆತವನನ್ನು ಆ ಸೀಮೆಯ ಜನ ಕ್ಷಮಿಸಿಯಾರು, ಇದನ್ನು ಮರೆತವನನ್ನಲ್ಲ. ಶನಿವಾರ ಕೆಲಸ ಮುಗಿಸಿ ಹಲಗೆಯನ್ನು ಮುಂದಿನವರ ಬಾಗಿಲಿಗೆ ತೂಗುಹಾಕಿದರೆ ಆ ವಾರದ ಮಟ್ಟಿಗೆ ಜನ್ಮ ಸಾರ್ಥಕ.

ಗುಳೇದಗುಡ್ಡದ ನೀಲವ್ವ ನಡುಮನೆಗೆ ಬಂದದ್ದು ಒಂದು ಚಳಿಗಾಲದಲ್ಲಿ. ಗಂಡ ಶರಣಪ್ಪ ಕಾರಿನ ಕಂಪನಿಯೊಂದರಲ್ಲಿ ಬ್ರೇಕ್ ಪರೀಕ್ಷೆ ಮಾಡುವ ಎಂಜಿನಿಯರ್. ಬಂದ ತಿಂಗಳೊಪ್ಪತ್ತಿನಲ್ಲೇ ಹಲಗೆ ಅವಳ ಬಾಗಿಲಿಗೂ ಬಂತು. ಕಸ ಗುಡಿಸುವುದನ್ನು ತನಗೆ ಯಾರು ಕಲಿಸಬೇಕು ಎಂದುಕೊಂಡ ನೀಲವ್ವ ನಸುಕಿನಲ್ಲೇ ಎದ್ದು, ಕಾಲುದಾರಿ ಗುಡಿಸಿ, ಊರಿನಲ್ಲಿ ಮಾಡುವಂತೆ ಥಳಿ ಹೊಡೆದು, ಆ ನೀರಿನ ಮೇಲೆ ಚೆಂದದ ರಂಗೋಲಿಯನ್ನೂ ಹಾಕಿ ಒಳಗೆ ಬಂದಳು. ಹೊರಗೆ ಮೈನಸ್ ಎಂಟು ಡಿಗ್ರಿ. ಚಹಾ ಕುದಿಯುವಷ್ಟರಲ್ಲಿ ಬಾಗಿಲ ಮುಂದೆ ಕನ್ನಡಿಯಂಥ ಮಂಜುಗಡ್ಡೆ, ಅದರ ಮೇಲೆ ಕೆಳಮನೆಯ ಒಟ್ಟೊ ಎಬರ್ಲೆ ಬೋರಲು ಬಿದ್ದಿದ್ದ. ಬಲಗೈ ಮಣಿಕಟ್ಟು ಮುರಿದಿತ್ತು. ಜರ್ಮನಿಯಲ್ಲಿ ಇಂಥ ತಪ್ಪು ಮಾಡಲು ಅಂಗಳಕ್ಕೆ ನೀರು ಹಾಕದೆ ಬೆಳಗಾಗುವುದಿಲ್ಲ ಎಂದು ನಂಬಿದವರೇ ಆಗಬೇಕು.

ಸಂಜೆ ಒಟ್ಟೊ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಾಗ ನೀಲವ್ವ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದಳು. ಆತ ಅವಳನ್ನು ಬೈಯಲಿಲ್ಲ. ಆ ಚಿತ್ರ ಬಹಳ ಚೆನ್ನಾಗಿತ್ತು, ಮೂಗು ಅದರ ಪಕ್ಕಕ್ಕೆ ಬರುವತನಕ ನೋಡಲಿಲ್ಲವಲ್ಲ ಎಂದು ಬೇಜಾರು ಎಂದ. ಮರುದಿನ ಒಂದೇ ಕೈಯಲ್ಲಿ ಬಕೆಟ್ ಹಿಡಿದು ಅವಳ ಪಾಳಿಯ ಕಾಲುದಾರಿಗೆಲ್ಲ, ಮಂಜು ಕರಗಲೆಂದು, ಉಪ್ಪು ಎರಚಿದ. ಅವನ ಹೆಂಡತಿ ಫ್ರೌ ಎಬರ್ಲೆ, ಅಂದರೆ ಶ್ರೀಮತಿ ಎಬರ್ಲೆ, ಬಾಗಿಲಲ್ಲಿ ನಿಂತು, ಹಲಗೆ ಇರುವುದು ನಡುಮನೆಯವರ ಬಾಗಿಲಿಗೆ ಎಂದು ಗಂಡನಿಗೆ ಜ್ಞಾಪಿಸಿದಳು, ಅಷ್ಟೆ.

ನೀಲವ್ವ ಒಂದು ಡಬ್ಬಿ ಶೇಂಗಾ ಹೋಳಿಗೆ ಮಾಡಿ ಕೆಳಗೆ ಕೊಟ್ಟಳು. ಡಬ್ಬಿ ಪ್ಲಮ್ ಕೇಕ್ ತುಂಬಿಕೊಂಡು ವಾಪಸು ಬಂತು. ನೀಲವ್ವನ ಊರ ಕಡೆ, ಬಂದ ಡಬ್ಬಿಯನ್ನು ಖಾಲಿ ಕಳಿಸುವ ಪದ್ಧತಿ ಇಲ್ಲ. ಏನೂ ಇಲ್ಲದಿದ್ದರೆ ಹಿಡಿ ಸಕ್ಕರೆಯಾದರೂ ಬೇಕು. ಫ್ರೌ ಎಬರ್ಲೆಗೆ ಆ ಪದ್ಧತಿ ಗೊತ್ತಿಲ್ಲ, ಆದರೆ ಯಾರ ಹಂಗಿನಲ್ಲೂ ಒಂದು ರಾತ್ರಿ ಮಲಗಲಾರಳು. ಎರಡರ ಫಲವೂ ಒಂದೇ. ವರ್ಷಗಟ್ಟಲೆ ಡಬ್ಬಿಗಳು ಮೆಟ್ಟಿಲು ಹತ್ತಿದವು, ಇಳಿದವು. ಒಂದೂ ಖಾಲಿ ಹೋಗಲಿಲ್ಲ.

ಇದರಿಂದ ಹೊರಗಿದ್ದವನು ಒಟ್ಟೊ ಒಬ್ಬನೇ. ಡಬ್ಬಿ ಅವನ ಕೈಗೆ ಸಿಕ್ಕರೆ ಮೆಟ್ಟಿಲ ಮೇಲೆಯೇ ಕುಳಿತು ತಿಂದು ಮುಗಿಸಿ, ತೊಳೆಯದೆ, ಬರೀ ಡಬ್ಬಿ ವಾಪಸು ಕೊಡುತ್ತಿದ್ದ.

"ಚೊಲೊ ಇತ್ರಿ. ಮತ್ತ್ ಯಾವಾಗ?" ಎನ್ನುತ್ತಿದ್ದ.

ಅವನು ಆಡುತ್ತಿದ್ದದ್ದು ಶ್ವಾಬಿಶ್, ಆ ಸೀಮೆಯ ಜರ್ಮನ್. ಬಾಗಲಕೋಟೆಯವರ ಮಾತಿಗೆ ಬೆಂಗಳೂರಿನವರು ನಗುವಂತೆ ಆ ಮಾತಿಗೆ ಬರ್ಲಿನ್‌ನವರು ನಗುತ್ತಾರೆ. ನೀಲವ್ವ ಕಲಿತದ್ದೂ ಅದನ್ನೇ, ಕೆಳಮನೆಯವರ ಬಾಯಿಂದ. ಆದ್ದರಿಂದ ಇಲ್ಲಿ ಮೂವರ ಜರ್ಮನ್ನನ್ನೂ ಗುಳೇದಗುಡ್ಡದ ಕನ್ನಡದಲ್ಲಿ ಹೇಳಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ.

ಫ್ರೌ ಎಬರ್ಲೆ ಭಾನುವಾರ ಚರ್ಚಿಗೆ, ಬುಧವಾರ ಬೈಬಲ್ ಓದುವವರ ಕೂಟಕ್ಕೆ ತಪ್ಪದೆ ಹೋಗುವವಳು. ಒಟ್ಟೊ ಕಾರಿನಲ್ಲಿ ಕರೆದುಕೊಂಡು ಹೋಗಿ, ಹೊರಗೇ ಕುಳಿತು ರೇಡಿಯೋ ಕೇಳಿ, ಕರೆದುಕೊಂಡು ಬರುವವನು. ಮದುವೆಯ ದಿನ ಒಳಗೆ ಹೋಗಿದ್ದ. ಎರಡನೆಯ ಸಲ ಅವನನ್ನು ಪೆಟ್ಟಿಗೆಯಲ್ಲಿ ಒಯ್ದರು.

ಅವನು ಹೋದ ಮೇಲೆ ಮುದುಕಿಯ ಮೊಣಕಾಲು ಹೋದವು, ನಿದ್ದೆಯೂ ಹೋಯಿತು. ಒಂದು ಮಧ್ಯಾಹ್ನ ಕಾಫಿಗೆ ಕರೆದು ನೀಲವ್ವನ ಮುಂದೆ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು.

"ನಮ್ಮ ಧರ್ಮದಾಗ ಮನಷ್ಯಾ ಒಳ್ಳೆ ಕೆಲಸ ಮಾಡಿ ಸ್ವರ್ಗಕ್ಕ ಹೋಗಂಗಿಲ್ರಿ. ನಂಬಿಕಿಯಿಂದ ಅಷ್ಟ ಹೋಗೋದು. ದೇವರು ಪುಕ್ಕಟೆ ಕೊಡ್ತಾನ, ನಾವು ನಂಬಿ ತಗೋಬೇಕು."

"ಹಂಗಾರ ಒಟ್ಟೊ ಅವರು?"

"ಅದನ್ನ ಕೇಳಾಕತ್ತೀನಿ. ಒಟ್ಟೊ ನಂಬಲಿಲ್ಲ."

ನೀಲವ್ವನಿಗೆ ಉಪ್ಪಿನ ಬಕೆಟ್ ನೆನಪಾಯಿತು.

"ಓಣಿಗೆಲ್ಲಾ ಹಿಮಾ ತಗದಾವ್ರು, ಮಂದಿ ಸೈಕಲ್ ರಿಪೇರಿ ಮಾಡಿಕೊಟ್ಟಾವ್ರು. ಅವ್ರನ್ನ ಒಳಗ ಬಿಡಂಗಿಲ್ಲಂದ್ರ ಅಲ್ಲಿ ಯಾರ ಇರ್ತಾರ್ರಿ?"

"ನಾ ಇರ್ತೀನಿ," ಎಂದಳು ಫ್ರೌ ಎಬರ್ಲೆ. ಅದರಲ್ಲಿ ಸಂತೋಷವೇನೂ ಇರಲಿಲ್ಲ. "ಅವ ಇಲ್ಲದ ಜಾಗದಾಗ ನಾ ಹೋಗಿ ಏನ್ ಮಾಡ್ಲಿ?"

ಪಾದ್ರಿಗಳನ್ನೂ ಕೇಳಿದ್ದಳಂತೆ. ಹಳೆಯ ಪಾದ್ರಿ ನಂಬದವನಿಗೆ ಇಲ್ಲ ಎಂದಿದ್ದ. ಹೊಸದಾಗಿ ಬಂದ ಪಾದ್ರಿಣಿ ದೇವರ ಪ್ರೀತಿ ದೊಡ್ಡದು ಎಂದಳು. ಆದರೆ ಚರ್ಚಿನ ಹೀಟರ್ ಕೆಟ್ಟಾಗಲೂ ಆಕೆ ಅದನ್ನೇ ಹೇಳಿದ್ದರಿಂದ ಮುದುಕಿಗೆ ಭರವಸೆ ಬರಲಿಲ್ಲ. ನಂಬಿಕೆಯೊಂದೇ ಸಾಲದು, ಕೆಲಸವೂ ಬೇಕು ಎನ್ನುವ ಮಾತೂ ಬೈಬಲ್‌ನಲ್ಲಿ ಒಂದು ಕಡೆ ಇದೆಯಂತೆ. ಕೂಟದಲ್ಲಿ ಆ ಪುಟವನ್ನು ಬೇಗ ತಿರುವುತ್ತಾರಂತೆ.

"ಕೆಲಸದಿಂದ ಏನೂ ಸಿಗಂಗಿಲ್ಲಂದ್ರ ನೀವು ಈ ಮೊಣಕಾಲು ಇಟ್ಕೊಂಡು ಮೆಟ್ಲಾ ಯಾಕ ಒರಸ್ತೀರಿ?"

ಫ್ರೌ ಎಬರ್ಲೆ ಅವಳನ್ನು ಕನಿಕರದಿಂದ ನೋಡಿದಳು. "ಅದು ಕೇರ್‌ವೊಖೆ. ಅದಕ್ಕೂ ಸ್ವರ್ಗಕ್ಕೂ ಏನ್ ಸಂಬಂಧ?"

ಮನೆಗೆ ಬಂದು ನೀಲವ್ವ ಗಂಡನಿಗೆ ಇದನ್ನೆಲ್ಲ ಹೇಳಿದಳು. ಶರಣಪ್ಪ ರೊಟ್ಟಿ ಮುರಿಯುತ್ತ ತನ್ನ ಅನುಭವದಿಂದ ಉತ್ತರ ಕೊಟ್ಟ.

"ನೋಡ್ ನೀಲಾ, ನಮ್ಮ ಲ್ಯಾಬ್‌ನ್ಯಾಗ ಬ್ರೇಕ್ ಮ್ಯಾಲ ಎಷ್ಟ್ ಫೇತ್ ಇಟ್ರೂ ಪಾಸ್ ಆಗಂಗಿಲ್ಲ. ಪರ್ಫಾರ್ಮೆನ್ಸ್ ಬೇಕು."

"ನಿಮ್ಮ ಬ್ರೇಕ್ ಸ್ವರ್ಗಕ್ಕ ಹೋಗ್ತಾವೇನ್ರಿ?"

ಶರಣಪ್ಪ ಎಣ್ಣೆಗಾಯಿ ಇನ್ನಷ್ಟು ಕೇಳಿದ.

ಆ ಶರತ್ಕಾಲದಲ್ಲಿ ಫ್ರೌ ಎಬರ್ಲೆಯ ಹೃದಯ ಕೈಕೊಟ್ಟಿತು. ಆಸ್ಪತ್ರೆಯವರು ಮಾಡುವಷ್ಟು ಮಾಡಿ, ಇನ್ನು ಮನೆಯಲ್ಲೇ ಆರಾಮವಾಗಿರಲಿ ಎಂದು ಕಳಿಸಿದರು. ಹಾಗೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ದಿನಾ ಬೆಳಿಗ್ಗೆ ನರ್ಸ್ ಒಬ್ಬಳು ಬಂದು ಸ್ನಾನ ಮಾಡಿಸಿ ಹೋಗುತ್ತಿದ್ದಳು. ಅಷ್ಟರಲ್ಲಿ ಹಲಗೆ ತಿರುಗಿ ಕೆಳಮನೆಯ ಬಾಗಿಲಿಗೆ ಬಂತು. ನೀಲವ್ವ ಒಳಗೆ ಸ್ನಾನದ ನೀರು ಸದ್ದು ಮಾಡುವ ಹೊತ್ತು ನೋಡಿ ಮೆಟ್ಟಿಲು ಗುಡಿಸಿ ಒರೆಸಿ, ಕಾಲುದಾರಿಯ ಎಲೆ ಬಾಚಿ, ಹಲಗೆಯನ್ನು ಮೆಲ್ಲಗೆ ತೆಗೆದು ತನ್ನ ಬಾಗಿಲಿಗೆ ಹಾಕಿಕೊಂಡಳು. ಕಳ್ಳರು ಕೂಡ ಇಷ್ಟು ಸದ್ದಿಲ್ಲದೆ ಕೆಲಸ ಮಾಡುವುದಿಲ್ಲ.

ಶನಿವಾರ ಪೇಟೆಯಿಂದ ಬಂದು ನೋಡಿದರೆ ಫ್ರೌ ಎಬರ್ಲೆ ನೈಟಿಯ ಮೇಲೆ ಕೋಟು ಹಾಕಿಕೊಂಡು ಕೊನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ಕಸಬರಿಗೆ. ತುಟಿ ನೀಲಿಗಟ್ಟಿತ್ತು.

"ನನ್ನ ಪಾಳಿ ಯಾರು ಮಾಡಿದ್ದು?"

"ನಾನ್ರಿ."

"ಮಾಡ್ರಿ ಅಂತ ಯಾರ್ ಹೇಳಿದ್ರು?"

"ಯಾರೂ ಹೇಳಿಲ್ರಿ. ಪುಕ್ಕಟೆ ಮಾಡೀನಿ."

"ನನಗ ಪುಕ್ಕಟೆ ಬ್ಯಾಡ!"

ನೀಲವ್ವನಿಗೂ ಸಿಟ್ಟು ನೆತ್ತಿಗೇರಿತು. ಮುದುಕಿಯ ಮೇಲಿನ ಪ್ರೀತಿಗೇ ಬಂದ ಸಿಟ್ಟು ಅದು, ಆದರೂ ಸಿಟ್ಟೇ. "ದೇವರು ಪುಕ್ಕಟೆ ಸ್ವರ್ಗ ಕೊಟ್ರ ತಗೋತೀರಿ, ನಾ ಪುಕ್ಕಟೆ ಮೆಟ್ಲಾ ಗುಡಿಸಿದ್ರ ಬ್ಯಾಡೇನ್ರಿ? ನಿಮ್ಮ ಕೈಲೆ ಇಷ್ಟ ತಗೊಳ್ಳಾಕ ಆಗಂಗಿಲ್ಲ, ಅಷ್ಟ ದೊಡ್ಡದು ಹೆಂಗ ತಗೋತೀರಿ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಫ್ರೌ ಎಬರ್ಲೆ ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು. ಆಮೇಲೆ ತಲೆಯೆತ್ತಿದಳು.

"ಮತ್ತ ನೀವು? ಇಷ್ಟ್ ವರ್ಷದಾಗ ನನ್ನ ಒಂದ್ ಡಬ್ಬಿ ಖಾಲಿ ಬಂದೈತೇನ್ರಿ? ಒಮ್ಮೆರ ನಾ ಕೊಟ್ಟಿದ್ದು ತಿಂದು ಸುಮ್ನ ಕುಂತೀರೇನು?"

ನೀಲವ್ವ ಅವಳನ್ನು ಎತ್ತಿ ಹಾಸಿಗೆಗೆ ತಲುಪಿಸಿ ಮೇಲೆ ಬಂದಳು. ಅಂದಿನಿಂದ ಇಬ್ಬರೂ ಮಾತು ಬಿಟ್ಟರು. ಮೆಟ್ಟಿಲಿನಲ್ಲಿ ನರ್ಸ್ ಸಿಕ್ಕಾಗ ನೀಲವ್ವ ಹೇಗಿದ್ದಾರೆ ಎಂದು ಕೇಳುವಳು. ನರ್ಸ್ ತಲೆ ಅಲ್ಲಾಡಿಸುವಳು.

ಎರಡು ವಾರದ ಮೇಲೆ ಅದೇ ನರ್ಸ್ ನೀಲಿ ಡಬ್ಬಿಯೊಂದನ್ನು ತಂದುಕೊಟ್ಟಳು. ಒಳಗೆ ಪ್ಲಮ್ ಕೇಕ್. ಬೇಸಿಗೆಯಲ್ಲೇ ಮಾಡಿ ಫ್ರೀಜರ್‌ನಲ್ಲಿ ಇಟ್ಟದ್ದರಲ್ಲಿ ಇದೇ ಕೊನೆಯದಂತೆ. ಹಣ್ಣು ಹಿತ್ತಿಲಲ್ಲಿ ಒಟ್ಟೊ ನೆಟ್ಟ ಗಿಡದ್ದು.

ನೀಲವ್ವ ಒಲೆಗೆ ಹೂರಣದ ಪಾತ್ರೆ ಇಟ್ಟಳು. ಆಮೇಲೆ ಇಳಿಸಿದಳು. ಕೇಕನ್ನು ತಟ್ಟೆಗೆ ತೆಗೆದಿಟ್ಟು, ಡಬ್ಬಿ ತೊಳೆದು, ಒರೆಸಿ, ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿದಳು. ಸಕ್ಕರೆಯನ್ನು ವಾಪಸು ಸುರಿದಳು. ಬರೀ ಡಬ್ಬಿ ಕೊಟ್ಟರೆ ಆ ಮನೆಯ ತುಂಬಿದ್ದೆಲ್ಲ ಬರಿದಾಗುತ್ತದೆ ಎಂದು ಅವಳ ಅವ್ವ ಹೇಳುತ್ತಿದ್ದಳು. ಸಾಯಲು ಮಲಗಿದವರಿಗೆ ಬರೀ ಡಬ್ಬಿ ಕೊಡುವುದೆಂದರೆ ತಾನೇ ಕೈಯಾರೆ ಕಳಿಸಿಕೊಟ್ಟಂತೆ ಅನ್ನಿಸಿತು. ಬರೀ ಡಬ್ಬಿ ಕೊಡದಿದ್ದರೆ, ತನಗೂ ಪುಕ್ಕಟೆ ತೆಗೆದುಕೊಳ್ಳಲು ಬರುವುದಿಲ್ಲ ಎಂಬ ಮುದುಕಿಯ ಮಾತು ನಿಜವೆಂದು ಒಪ್ಪಿಕೊಂಡಂತೆ. ಸಕ್ಕರೆ ಒಳಗೂ ಹೊರಗೂ ಹೋಗುವುದನ್ನು ನೋಡುತ್ತಿದ್ದ ಮಗಳು ಭೂಮಿಕಾ ಅದು ಬರೇ ಡಬ್ಬಿ ಮಮ್ಮಿ ಎಂದು ಜರ್ಮನ್‌ನಲ್ಲಿ ಹೇಳಿ ಫೋನು ನೋಡಲು ಹೋದಳು. ಆ ಮನೆಯಲ್ಲಿ ಆ ಮಾತು ಹೇಳಬಲ್ಲವಳು ಅವಳೊಬ್ಬಳೇ.

ಕೊನೆಗೆ ನೀಲವ್ವ ಕೇಕ್‌ನ ಒಂದು ತುಂಡು ನಿಂತಲ್ಲೇ ತಿಂದಳು. ರುಚಿಯಾಗಿತ್ತು. ಮುಚ್ಚಳ ಹಾಕಿದ ಖಾಲಿ ಡಬ್ಬಿ ಹಿಡಿದು ಕೆಳಗಿಳಿದಳು.

ಫ್ರೌ ಎಬರ್ಲೆ ದಿಂಬಿಗೆ ಒರಗಿದ್ದಳು. ಡಬ್ಬಿ ಕೈಗೆ ತೆಗೆದುಕೊಂಡು, ಅಭ್ಯಾಸದಂತೆ ತೂಗಿ ನೋಡಿ, ಮುಚ್ಚಳ ತೆಗೆದಳು. ಒಳಗೆ ನೋಡಿದಳು. ಕೈ ಹಾಕಿ ತಳವನ್ನೂ ಮುಟ್ಟಿದಳು.

"ಏನೂ ಇಲ್ಲ," ಎಂದಳು.

"ಏನೂ ಇಲ್ರಿ. ಕೇಕ್ ಚೊಲೊ ಇತ್ತು."

ಮುದುಕಿ ಡಬ್ಬಿಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಕಣ್ಣ ಕೊನೆಯಲ್ಲಿ ನೀರಿತ್ತು. ನೀಲವ್ವ ಹೆದರಿ ಹತ್ತಿರ ಬಂದಳು.

"ಒಟ್ಟೊ ಹಿಂಗ ಬರೀ ಡಬ್ಬಿ ಕೊಟ್ರ ನನಗ ನಾಚಿಕಿ ಆಗ್ತಿತ್ತು," ಎಂದಳು ಫ್ರೌ ಎಬರ್ಲೆ, ಕಣ್ಣು ತೆರೆಯದೆ. "ಕೊಟ್ರ ತಿಂತಿದ್ದ. ಕೊಡಬೇಕನ್ನಿಸಿದ್ರ ಕೊಡ್ತಿದ್ದ. ಎರಡಕ್ಕೂ ಲೆಕ್ಕ ಇಲ್ಲ. ಆ ಸ್ವರ್ಗದ ಬಾಗಲದಾಗ ನಿಂತು ಯಾರರ, ಪುಕ್ಕಟೆ ಐತಿ ಬಾರಪ್ಪ ಅಂದ್ರ, ಕಾಲು ಸುದ್ದ ಒರಸದ ಒಳಗ ಹೋಗಿ ಕುಂತಿರ್ತಾನ."

ಉಸಿರು ಎಳೆದುಕೊಂಡು ಮುಂದುವರಿಸಿದಳು. "ಹೊರಗ ನಿಲ್ಲಾಕಿ ನಾ. ಈ ವಾರ ಪಾಳಿ ಯಾರದ್ರಿ ಅಂತ ಕೇಳ್ಕೋತ."

ನೀಲವ್ವನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅವಳ ಕೈ ಹಿಡಿದುಕೊಂಡಳು. "ನಿಮ್ಮ ಹಿಂದ ಡಬ್ಬಿ ಹಿಡಕೊಂಡು ನಾನೂ ನಿಂತಿರ್ತೀನ್ರಿ."

ಫ್ರೌ ಎಬರ್ಲೆ ಬಾಗಿಲ ಕಡೆ ನೋಡಿದಳು. "ಖರೇನ ಕೇಳಾಕತ್ತೀನಿ. ಈ ವಾರ ಪಾಳಿ ಯಾರದು?"

"ನಿಮ್ದರಿ. ಇವತ್ತ ಹಲಗಿ ಬಂದೈತಿ."

ಮುದುಕಿಯ ಕೈಬೆರಳು ಹೊದಿಕೆಯ ಅಂಚನ್ನು ಹಿಡಿದು ಎಳೆಯಿತು, ಏಳುವವರಂತೆ. ಆಮೇಲೆ ಬಿಟ್ಟಿತು.

"ನೀವ ಗುಡಸ್ರಿ," ಎಂದಳು.

ನೀಲವ್ವ ಆ ಮನೆಯ ಬಾಗಿಲು ತೆರೆದಿಟ್ಟೇ, ಸದ್ದು ಮಾಡಿಕೊಂಡೇ ಮೆಟ್ಟಿಲು ಗುಡಿಸಿ ಒರೆಸಿದಳು. ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ಆಯಿತೆಂದಳು. ಫ್ರೌ ಎಬರ್ಲೆಯ ಕಣ್ಣು ಹಳೆಯ ಚಟದಿಂದ ಕೋಣೆಯೆಲ್ಲ ತಿರುಗಿತು. ಮೇಜಿನ ಮೇಲೆ, ಕಪಾಟಿನಲ್ಲಿ, ಏನಾದರೂ ಕೊಡಲು ಇದೆಯೇ ಎಂದು ಹುಡುಕಿತು. ಹೊಟ್ಟೆಯ ಮೇಲೆ ಖಾಲಿ ಡಬ್ಬಿ ಹಾಗೇ ಇತ್ತು.

"ಚೊಲೊ ಆತ್ರಿ," ಎಂದಳು. ಒಟ್ಟೊನ ಮುಂದಿನ ಮಾತಿಗೆ ಅವಳು ತುಂಬು ಕೊಡ ಎತ್ತುವಷ್ಟು ಕಷ್ಟಪಟ್ಟದ್ದು ನೀಲವ್ವನಿಗೆ ಕಂಡಿತು.

"ಮತ್ತ್ ಯಾವಾಗ?"