ಹೇಳಿ ಹೋಗುವ ಪ್ರೋಗ್ರಾಂ

ಕಪ್ಪು ತೆರೆಯಲ್ಲಿ ‘ಸಿ’ ಅಕ್ಷರದ ಪಕ್ಕದ ಸಣ್ಣ ಗೆರೆ ಮಿನುಗುತ್ತಲೇ ಇತ್ತು. ಆದರೆ ಯಾವ ಕೀ ಒತ್ತಿದರೂ ಒಂದಕ್ಷರವೂ ಮೂಡುತ್ತಿರಲಿಲ್ಲ.

ಓಮಲೂರಿನ ಹತ್ತಿರದ ಒಂದು ಸಬ್ಬಕ್ಕಿ ಫ್ಯಾಕ್ಟರಿಯ ಕಂಪ್ಯೂಟರು ಅದು. ಮರಗೆಣಸಿನ ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ಜೋಡಿಸಿದ್ದರು. ತೂಕ ಓದಿ ಚೀಟಿ ಅಚ್ಚು ಹಾಕುವ ಪ್ರೋಗ್ರಾಂ ನಾನು ಬರೆದದ್ದು. ಎಂ.ಎಸ್ಸಿ. ಮುಗಿಸಿ, ದೊಡ್ಡಪ್ಪನ ಮಗಳು ಸೇಲಂನಲ್ಲಿ ನಡೆಸುತ್ತಿದ್ದ ಕಂಪ್ಯೂಟರ್ ಸೆಂಟರ್ ಸೇರಿದ್ದೆ. ಪಾಠ ಹೇಳುವುದರ ಜೊತೆಗೆ ಅಕ್ಕ ಹೊರಗಿನಿಂದ ಒಪ್ಪಿಕೊಂಡ ಮೊದಲ ಕೆಲಸ ಇದು. ಇದು ಕೆಟ್ಟರೆ ಇನ್ನೊಂದು ಫ್ಯಾಕ್ಟರಿ ನಮ್ಮನ್ನು ಕರೆಯುತ್ತಿರಲಿಲ್ಲ. ಪ್ರೋಗ್ರಾಂ ನಡೆಯುವಷ್ಟು ಹೊತ್ತು ತೊಂದರೆಯಿಲ್ಲ. ಅದನ್ನು ಮುಗಿಸಿ ಹೊರಬಂದ ಮೇಲೆ ಇನ್ನೊಂದು ಲಾರಿ ಹತ್ತಿತೋ, ಮಷೀನು ಸ್ತಬ್ಧ.

“ಲಾರಿ ಅತ್ತೋದು ವೇಬ್ರಿಡ್ಜ್ ಮ್ಯಾಲೆ, ತಲೆ ಸುತ್ತೋದು ನಿಮ್ ಪೆಟ್ಟಿಗೆ. ಏನಮ್ಮಣಿ ಇದು?” ಎಂದರು ತೂಕ ನೋಡಿಕೊಳ್ಳುವವರು. “ನಾಳೆ ಒಂದಿನ ನೋಡ್ತೀನಿ. ಆಗ್ಲಿಲ್ವಾ, ಎತ್ಕೊಂಡೋಗ್ಬುಡಿ.”

ಸಂಜೆ ಸೆಂಟರಿನಲ್ಲಿ ಅಕ್ಕ ನನ್ನ ಪ್ರೋಗ್ರಾಮನ್ನು ಕೊನೆಯ ಸಾಲಿನಿಂದ ಓದತೊಡಗಿದಳು. ಅವಳು ಯಾವಾಗಲೂ ಹಾಗೆಯೇ.

“ಓಗ್ವಾಗ ಏಳ್ಬುಟ್ಟು ಓದ್ಯೇನ್ಲೇ?”

“ಯಾರ್ಗೆ?”

“ಡಾಸ್‌ಗೆ. ಬರ್ವಾಗ ಬಾಗ್ಲಿಗೆ ನಿನ್ ಅಡ್ರೆಸ್ ಅಂಟ್ಸಿದ್ದೀಯ. ಮನೆ ಕಾಲಿ ಮಾಡ್ವಾಗ ಕಿತ್ತಿಲ್ಲ. ಸೊಲ್ಲಿಟ್ಟುದಾನೇ ಪೋಗಣುಂ?” ಹೇಳಿಯೇ ಹೋಗಬೇಕಲ್ಲವೇ ಎಂದು ಕೊನೆಗೆ ತಮಿಳಿನಲ್ಲೂ ಕೇಳಿದಳು.

ಅಷ್ಟೇ ಆಗಿತ್ತು. ವೇಬ್ರಿಡ್ಜಿನಿಂದ ಸುದ್ದಿ ಬಂದರೆ ನನ್ನ ಪ್ರೋಗ್ರಾಮನ್ನು ಕರೆ ಎಂದು, ಮಷೀನನ್ನು ನಡೆಸುವ ಡಾಸ್‌ಗೆ ತಿಳಿಸಿದ್ದೆ. ಹೋಗುವಾಗ ಅಲ್ಲಿದ್ದ ಹಳೆಯ ವಿಳಾಸವನ್ನು ಮರಳಿ ಇಟ್ಟಿರಲಿಲ್ಲ. ಲಾರಿ ಹತ್ತಿದ ಸುದ್ದಿ ಯಾರೂ ಇಲ್ಲದ ಜಾಗಕ್ಕೆ ಹೋಗುತ್ತಿತ್ತು.

ಅಕ್ಕ ಕೊನೆಯ ಭಾಗವನ್ನು ಹೊಸದಾಗಿ ಬರೆದಳು. ಕಡೆಗೆ ತೆರೆದದ್ದನ್ನು ಮೊದಲು ಮುಚ್ಚಿ, ಹಳೆಯ ವಿಳಾಸವನ್ನು ಅದರ ಜಾಗದಲ್ಲಿಟ್ಟು, ಎಲ್ಲ ಸರಿಯಿದೆ ಎಂಬ ಸೊನ್ನೆಯನ್ನು ಡಾಸ್‌ಗೆ ಒಪ್ಪಿಸಿದಳು. ಮುಗಿಯಿತೆಂದುಕೊಂಡೆ.

“ಇತ್ಲು ಬಾಗ್ಲು?” ಎಂದಳು.

ಅವಸರದಲ್ಲಿ ಯಾರಾದರೂ ಕಂಟ್ರೋಲ್ ಜೊತೆ ಸಿ ಒತ್ತಿದರೆ ಪ್ರೋಗ್ರಾಂ ನಡುವೆಯೇ ಹಿತ್ತಲ ಬಾಗಿಲಿನಿಂದ ಎದ್ದು ಹೋಗುತ್ತದೆ. ಅಲ್ಲಿಯೂ ಅದೇ ಸಾಲುಗಳು ನಡೆಯುವಂತೆ ಮಾಡಿದಳು. ಅವಳ ಪ್ರೋಗ್ರಾಂ ಹೋದ ಮೇಲೆ, ಅದು ಬಂದಿತ್ತೆಂದೇ ಮಷೀನಿಗೆ ಗೊತ್ತಾಗುತ್ತಿರಲಿಲ್ಲ. ಕಾಲೇಜಿನಲ್ಲಿ ಆರಂಭಿಸುವುದನ್ನು ಚೆನ್ನಾಗಿ ಕಲಿತಿದ್ದೆ. ಮುಗಿಸುವುದಕ್ಕೂ ಇಷ್ಟು ಯೋಚನೆ ಬೇಕೆಂದು ಕಂಡದ್ದು ಅವಳ ಪಕ್ಕ ಕುಳಿತಾಗ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಫ್ಯಾಕ್ಟರಿಗೆ ಹೋದೆ. ತೂಕದ ನಡುವೆ ಬೇಕೆಂದೇ ಕಂಟ್ರೋಲ್ ಸಿ ಒತ್ತಿ, ಮುಂದಿನ ಲಾರಿಗೆ ಕೈ ಬೀಸಿದೆ. ಲಾರಿ ಹತ್ತಿತು. ಮಷೀನು ನಾನು ಒತ್ತಿದ್ದನ್ನೆಲ್ಲ ಬರೆಯಿತು.

“ಇಲ್ಲೇ ಇರ್ಲಿ ಬುಡಿ,” ಎಂದರು ತೂಕ ನೋಡಿಕೊಳ್ಳುವವರು.

ನಾನು ಎದ್ದು, ಅವರನ್ನು ಕುರ್ಚಿಯಲ್ಲಿ ಕೂರಿಸಿ, ಪ್ರೋಗ್ರಾಂ ಮುಗಿಸುವ ಕೀ ಎಲ್ಲಿದೆಯೆಂದು ತೋರಿಸಿದೆ.