ಬೇಕೆಂದೇ ತಪ್ಪಾಗಿ ಕೊಟ್ಟ ಉತ್ತರಗಳು

ನೆನಪಿನ ಶಕ್ತಿ ಚೆನ್ನಾಗಿರುವ ಮನುಷ್ಯನೊಬ್ಬ, ತನಗೆ ಏನೂ ನೆನಪಿರುವುದಿಲ್ಲ ಎಂದು ಪರೀಕ್ಷಕರ ಎದುರು ನಟಿಸುವ ಸಂದರ್ಭ ಯಾವಾಗ ಬರುತ್ತದೆ, ಹೇಳಬಲ್ಲಿರಾ? ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ, ಒಂದೇ ವಿಷಯದ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಬಂದ ನನಗೆ ಈ ಪ್ರಶ್ನೆ ಎಂದೂ ಹೊಳೆದಿರಲಿಲ್ಲ. ಉತ್ತರ ಮಾತ್ರ ನನ್ನ ತಂಗಿಯ ಮನೆಯಲ್ಲೇ ಇತ್ತು.

ತಂಗಿಯ ಗಂಡ ಮೊರಾಕೊ ದೇಶದವನು, ವೃತ್ತಿಪರ ಫುಟ್‌ಬಾಲ್ ಆಟಗಾರ. ಸ್ಟ್ರೈಕರ್ ಎಂದರೆ ಎದುರಾಳಿಯ ಗೋಲಿನ ಮುಂದೆ ಹೊಂಚುಹಾಕಿ ನಿಂತು ಗೋಲು ಹೊಡೆಯಬೇಕಾದವನು; ಅದೇ ಅವನ ಕೆಲಸ. ಕಡಲ ದಂಡೆಯ ಒಂದು ಬಂದರು ಊರಿನಲ್ಲಿ, ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಆಟ ಕಲಿತ. ಮೀಸೆ ಚಿಗುರುವ ಮೊದಲೇ ಫ್ರಾನ್ಸಿಗೆ ಹೋಗಿ ಎರಡನೇ ದರ್ಜೆಯ ತಂಡಗಳಲ್ಲಿ ಆಡಿದ. ಬೆಲ್ಜಿಯಮ್ಮಿನಲ್ಲಿ ಒಂದು ವರ್ಷ ಪತ್ರಿಕೆಗಳು ಅವನ ಬಗ್ಗೆ ಬರೆದವು. ಕೊಲ್ಲಿಯ ದೇಶವೊಂದರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಕೊನೆಗೆ ಅಮೆರಿಕದ ಆಸ್ಟಿನ್ ಸಮೀಪದ ಒಂದು ಚಿಕ್ಕ ಕ್ಲಬ್ಬು ಅವನನ್ನು ಕರೆಸಿಕೊಂಡಿತು. ಅಲ್ಲೇ ಪಕ್ಕದ ರೌಂಡ್ ರಾಕ್‌ನಲ್ಲಿ ಎಂಜಿನಿಯರ್ ಆಗಿರುವ ನನ್ನ ತಂಗಿ ಅವನನ್ನು ಕಂಡದ್ದು ಆ ವರ್ಷವೇ.

ಅವನ ಕನ್ನಡವೆಲ್ಲ ತಂಗಿಯಿಂದ ಬಂದದ್ದು. ಗಂಡನನ್ನು ಅವಳು ಏಕವಚನದಲ್ಲೇ ಗದರಿಸುತ್ತಾಳಾದ್ದರಿಂದ ಅವನಿಗೆ ಬೇರೆ ವಚನವೇ ತಿಳಿಯದು. ಮೊದಲ ಸಲ ನಮ್ಮ ತಂದೆಯನ್ನು ಕಂಡಾಗ ಎರಡೂ ಕೈ ಜೋಡಿಸಿ, ಬಹಳ ವಿನಯದಿಂದ, "ಅಪ್ಪ, ನೀನು ತಿಂಡಿ ತಿಂದ್ಯಾ?" ಎಂದು ಕೇಳಿದ. ಮದುವೆಗೆ ಅಲ್ಲಿಯವರೆಗೆ ಒಪ್ಪದಿದ್ದ ತಂದೆ ನಕ್ಕುಬಿಟ್ಟರು. ನಾನು ಅವನಿಗೆ ಅಕ್ಕ. ಉಳಿದ ಮಾತೆಲ್ಲ ನಮ್ಮ ನಡುವೆ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು.

ಆಟಗಾರನ ಬದುಕನ್ನು ದೂರದಿಂದ ನೋಡಿದವರಿಗೆ ಚಪ್ಪಾಳೆ ಕಾಣುತ್ತದೆ. ಹತ್ತಿರದಿಂದ ನೋಡಿದ ನನಗೆ ಕಂಡದ್ದು ಭಯ. ಮೂವತ್ತು ದಾಟಿದ ಸ್ಟ್ರೈಕರ್‌ನ ಒಪ್ಪಂದ ವರ್ಷ ವರ್ಷಕ್ಕೆ ನವೀಕರಣವಾಗಬೇಕು. ಅವನ ವೀಸಾ ಕ್ಲಬ್ಬಿಗೆ ಕಟ್ಟುಬಿದ್ದದ್ದು. ಕ್ಲಬ್ಬು ಬೇಡವೆಂದರೆ ಹೆಂಡತಿಯ ವೀಸಾದ ನೆರಳಿಗೆ ಸರಿಯಬೇಕು; ಆ ನೆರಳಿನಲ್ಲಿ ದುಡಿಯುವ ಹಕ್ಕಿಲ್ಲ. ಡಲ್ಲಾಸ್ ಬಳಿಯ ಲಾಸ್ ಕೊಲಿನಾಸ್‌ನ ನನ್ನ ಕಚೇರಿಯಲ್ಲಿ ಈ ಭಯವನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಮಾಮೂಲಿ ಸಭೆಗೆ ಮ್ಯಾನೇಜರ್ ಹೆಸರು ಹಿಡಿದು ಕರೆದರೂ ಎದೆ ಹೊಡೆದುಕೊಳ್ಳುವ, ವೀಸಾ ನಂಬಿ ಬದುಕುವ ಜನ ನಾವು.

ಅವರ ಮದುವೆಯಾಗಿ ಕೆಲವು ವರ್ಷಗಳ ಮೇಲೆ, ಒಂದು ವಸಂತದಲ್ಲಿ ಹ್ಯೂಸ್ಟನ್‌ನಲ್ಲಿ ಒಂದು ಪಂದ್ಯವಿತ್ತು. ಬೆಳಿಗ್ಗೆ ತಂಡದ ಹೋಟೆಲಿನ ಮುಂದೆ ಅವನನ್ನು ನೋಡಿದೆವು. "ಅಕ್ಕ, ಯಾವಾಗ ಬಂದೆ?" ಎಂದು ಕೇಳಿ ಅಪ್ಪಿಕೊಂಡ. ಅಲ್ಲಿಂದ ತಂಗಿಯೂ ನಾನೂ ಭಾರತೀಯ ಅಂಗಡಿಗಳ ಬೀದಿ ಹಿಲ್‌ಕ್ರಾಫ್ಟ್‌ಗೆ ಹೋಗಿ ದೋಸೆ ತಿಂದು, ಮನೆಗೆ ಬೇಕಾದ ಬೇಳೆ, ಕರಿಬೇವು ಕೊಂಡು, ಮಧ್ಯಾಹ್ನದ ಬಿಸಿಲಿನಲ್ಲಿ ಮೈದಾನ ಸೇರಿದೆವು.

ಮೊದಲ ಅರ್ಧ ಮುಗಿಯುವ ಹೊತ್ತಿಗೆ ಬಲಗಡೆಯಿಂದ ಚೆಂಡು ಎತ್ತರದಲ್ಲಿ ತೇಲಿ ಬಂತು. ಅವನೂ ಎದುರು ತಂಡದ ರಕ್ಷಣೆಯ ಆಟಗಾರನೊಬ್ಬನೂ ಒಟ್ಟಿಗೆ ನೆಗೆದರು. ತಲೆಗೆ ತಲೆ ಬಡಿದ ಸದ್ದು ನಮ್ಮ ಸಾಲಿಗೆ ಕೇಳಿಸಿತು. ತೆಂಗಿನಕಾಯಿಯನ್ನು ಕಲ್ಲಿಗೆ ಕುಕ್ಕಿದಂಥ ಸದ್ದು. ಆ ಆಟಗಾರ ಕೂಡಲೇ ಎದ್ದ. ಇವನು ಏಳಲಿಲ್ಲ. ತಂಗಿ ನನ್ನ ಮಣಿಕಟ್ಟು ಹಿಡಿದಳು. ತಂಡದ ಚಿಕಿತ್ಸಕ ಓಡಿ ಬಂದು ಕಣ್ಣಿನ ಮುಂದೆ ಬೆರಳಾಡಿಸಿ ಏನೋ ಕೇಳಿದ. ಇವನು ನಿಧಾನವಾಗಿ ಎದ್ದು ನಿಂತು ಕೈ ಬೀಸಿದ. ಇಡೀ ಮೈದಾನ ಚಪ್ಪಾಳೆ ತಟ್ಟಿತು. ಅವನು ಆಟ ಮುಂದುವರಿಸಿದ, ಎರಡನೇ ಅರ್ಧವನ್ನೂ ಪೂರ್ತಿ ಆಡಿದ.

ಪಂದ್ಯ ಮುಗಿದ ಮೇಲೆ ಆಟಗಾರರು ಹೊರಬರುವ ಬಾಗಿಲಲ್ಲಿ ಕಾದು ನಿಂತೆವು. ಅವನು ನಗುತ್ತಲೇ ಬಂದ, ಕೂದಲು ಇನ್ನೂ ಒದ್ದೆಯಾಗಿತ್ತು. ನನ್ನನ್ನು ನೋಡಿ ಕಣ್ಣರಳಿಸಿದ.

"ಅಕ್ಕ, ಯಾವಾಗ ಬಂದೆ?"

ಬೆಳಗಿನ ಅದೇ ಪ್ರಶ್ನೆ, ಅದೇ ಅಚ್ಚರಿ. ತಂಗಿ ತಮಾಷೆಯೆಂದುಕೊಂಡು ಅವನ ಬೆನ್ನಿಗೊಂದು ಗುದ್ದಿದಳು. ನಾನು ಅವನ ಮುಖ ನೋಡಿದೆ. ಅಲ್ಲಿ ತಮಾಷೆ ಇರಲಿಲ್ಲ.

ಇಲ್ಲಿ ಒಂದು ಪದ್ಧತಿಯನ್ನು ಹೇಳಬೇಕು. ಋತು ಆರಂಭವಾಗುವ ಮೊದಲು ಪ್ರತಿ ಆಟಗಾರನನ್ನೂ ಕಂಪ್ಯೂಟರಿನ ಮುಂದೆ ಕೂರಿಸಿ ಪರೀಕ್ಷಿಸುತ್ತಾರೆ. ಪದಗಳು ಬಂದು ಮರೆಯಾಗುತ್ತವೆ, ಸ್ವಲ್ಪ ಹೊತ್ತಿನ ನಂತರ ಅವನ್ನು ಗುರುತಿಸಬೇಕು. ಬಣ್ಣ ಕಂಡ ಕೂಡಲೇ ಗುಂಡಿ ಒತ್ತಬೇಕು. ಆರೋಗ್ಯವಾಗಿರುವಾಗ ಅವನ ತಲೆ ಎಷ್ಟು ಚುರುಕು ಎಂಬುದರ ಅಳತೆ ಅದು. ಮುಂದೆ ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ ಹಳೆಯ ಅಳತೆಗೆ ಹೋಲಿಸುತ್ತಾರೆ. ಎರಡೂ ಸಮನಾದರೆ ಆಡಬಹುದು, ಕಡಿಮೆಯಾದರೆ ಆಡದೆ ಬೆಂಚಿನ ಮೇಲೆ ಕೂರಬೇಕು. ಹ್ಯೂಸ್ಟನ್‌ನಿಂದ ಮರಳಿದ ಮೇಲೆ ಅವನಿಗೂ ಈ ಪರೀಕ್ಷೆ ನಡೆಯಿತು. ಮೊದಲಿಗಿಂತ ಒಂದು ಕೂದಲೆಳೆ ಉತ್ತಮ ಎಂದು ಫಲಿತಾಂಶ ಬಂತು. ತಂಗಿ ಫೋನ್ ಮಾಡಿ, ನಾನು ಸುಮ್ಮನೆ ಗಾಬರಿಯಾಗುತ್ತೇನೆಂದು ಛೇಡಿಸಿದಳು. ಹೀಗೆ ಛೇಡಿಸುವವರು ಅವಳೊಬ್ಬಳೇ ಅಲ್ಲ. ನಮ್ಮ ಕನ್ನಡ ಕೂಟದ ಬೇಸಿಗೆ ಪಂದ್ಯಾವಳಿಗೆ ಮೈದಾನದಲ್ಲೊಬ್ಬರು ವೈದ್ಯರಿರಲಿ ಎಂದು ಸಮಿತಿಯಲ್ಲಿ ನಾನು ನಿರ್ಣಯ ಮಂಡಿಸಿದ್ದಾಗ ಒಬ್ಬರು, "ಮೇಡಂ, ನಮ್ಮ ಟೀಮಲ್ಲಿ ಅರ್ಧ ಜನ ಡಾಕ್ಟ್ರುಗಳೇ. ಪೇಷಂಟ್ ಹುಡುಕೋದೇ ಕಷ್ಟ" ಎಂದು ಸಭೆಯನ್ನು ನಗಿಸಿದ್ದರು. ನಿರ್ಣಯ ಅಲ್ಲಿಗೇ ನಿಂತಿತು.

ಮುಂದಿನ ವಾರಾಂತ್ಯ ರೌಂಡ್ ರಾಕ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಹಾಡುಹಗಲಿನಲ್ಲೇ ಕಿಟಕಿಯ ಪರದೆಗಳೆಲ್ಲ ಇಳಿದಿದ್ದವು. ತಂಗಿ ಚಟ್ನಿಗೆ ಮಿಕ್ಸಿ ಹಾಕಿದಳು. ಅವನು ತಟ್ಟನೆ ಎದ್ದು ಗ್ಯಾರೇಜಿಗೆ ಹೋದ. ಬಹಳ ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ, ಕಾರಿನೊಳಗೆ ಗಾಜುಗಳನ್ನೆಲ್ಲ ಏರಿಸಿಕೊಂಡು, ಕಣ್ಣು ಮುಚ್ಚಿ ಕೂತಿದ್ದ. ಪಕ್ಕದ ಸೀಟಿನಲ್ಲಿ ಕೂತೆ. ಮಿಕ್ಸಿಯ ಸದ್ದು ತಲೆಯೊಳಗೇ ತಿರುಗುತ್ತದೆ ಎಂದ. ಹಾಗಿದ್ದರೆ ಪರೀಕ್ಷೆಯಲ್ಲಿ ಹೇಗೆ ಉತ್ತೀರ್ಣನಾದೆ ಎಂದು ಕೇಳಿದೆ.

ಅವನು ಕಣ್ಣು ತೆರೆಯದೆ ಹೇಳಿದ. ಋತುವಿನ ಆರಂಭದ ಪರೀಕ್ಷೆಯಲ್ಲಿ ಬೇಕೆಂದೇ ತಪ್ಪು ಉತ್ತರ ಕೊಟ್ಟಿದ್ದನಂತೆ. ಕಂಡ ಪದಗಳನ್ನು ಕಂಡಿಲ್ಲವೆಂದು ಒತ್ತಿದ್ದ, ಬಣ್ಣ ಬಂದ ಮೇಲೆ ಒಂದು ಉಸಿರು ತಡೆದು ಗುಂಡಿ ಮುಟ್ಟಿದ್ದ. ತೀರ ಕೆಟ್ಟದಾಗಿ ಮಾಡಿದರೆ ಅನುಮಾನ ಬರುತ್ತದೆ, ಆದ್ದರಿಂದ ಹಿತಮಿತವಾಗಿ. ಫ್ರಾನ್ಸಿನಲ್ಲಿ ಒಬ್ಬ ಹಿರಿಯ ನಾಯಕ ಇದನ್ನು ಕಲಿಸಿದ್ದನಂತೆ. ಮುಂದೆಂದಾದರೂ ಪೆಟ್ಟು ಬಿದ್ದು ತಲೆ ಮಂಕಾದರೂ, ಆ ಮಂಕುತನ ಹಳೆಯ ಅಳತೆಯೊಂದಿಗೆ ಸಮನಾಗಿ ಕಾಣಲಿ ಎಂಬುದು ಲೆಕ್ಕಾಚಾರ.

"ಅಕ್ಕ, ಎಲ್ಲರೂ ಮಾಡ್ತಾರೆ" ಎಂದ ಕನ್ನಡದಲ್ಲಿ.

ನಾನು ವಾದಕ್ಕಿಳಿದೆ. ಅವನು ಒಂದೇ ಮಾತಿನಲ್ಲಿ ನನ್ನನ್ನು ನಿಲ್ಲಿಸಿದ. ಜ್ವರ ಬಂದರೂ ಮಾತ್ರೆ ನುಂಗಿ ಕಚೇರಿಗೆ ಹೋಗುವ, ಎದೆನೋವನ್ನು ಗ್ಯಾಸ್ ಎಂದು ಹೇಳಿಕೊಂಡು ಪ್ರಾಜೆಕ್ಟ್ ಮುಗಿಸುವ ನಮ್ಮವರ ಕಥೆಗಳನ್ನು ನಾನೇ ಅವನಿಗೆ ಹೇಳಿದ್ದೆ. ಅವರಿಗೂ ತನಗೂ ಏನು ವ್ಯತ್ಯಾಸ ಎಂದು ಕೇಳಿದ. ಚರ್ಚಾವೇದಿಕೆಯಲ್ಲಾಗಿದ್ದರೆ ಅಂಕಗಳು ಅವನಿಗೇ ಸಲ್ಲುತ್ತಿದ್ದವು. ಆಮೇಲೆ ದನಿ ತಗ್ಗಿಸಿ, "ಅವಳಿಗೆ ಹೇಳಬೇಡ" ಎಂದ. ಮುಂದಿನ ಶನಿವಾರ ಡಲ್ಲಾಸ್‌ನಲ್ಲಿ ಪಂದ್ಯವಿತ್ತು.

ನಾನು ಮಾತು ಕೊಡಲಿಲ್ಲ. ಅಂದು ಸಂಜೆ ಹಿಂದಿರುಗುವ ದಾರಿಯಲ್ಲಿ ಪೆಟ್ರೋಲ್ ಬಂಕ್ ಒಂದರಲ್ಲಿ ಕಾರು ನಿಲ್ಲಿಸಿ, ಹ್ಯೂಸ್ಟನ್‌ನಲ್ಲಿ ನಿವೃತ್ತರಾಗಿರುವ ಧಾರವಾಡದ ಅಂಕಲ್ ಒಬ್ಬರಿಗೆ ಫೋನ್ ಮಾಡಿದೆ. ಜೀವಮಾನವಿಡೀ ಮಿದುಳಿನ ವೈದ್ಯರಾಗಿದ್ದವರು. ಹೆಸರು ಹೇಳದೆ ಎಲ್ಲವನ್ನೂ ವಿವರಿಸಿದೆ.

"ನೋಡವಾ, ಮೊದಲನೇ ಪೆಟ್ಟು ಮಾಯೋ ತನಕಾ ಎರಡನೇದು ಬೀಳಬಾರದು" ಎಂದರು. "ಬಿತ್ತಂದ್ರ ಮಿದುಳು ಬಾತು ಬಿಡಬಹುದು. ಆಮ್ಯಾಲೆ ಯಾರ ಕೈಯಾಗೂ ಏನೂ ಇರಂಗಿಲ್ಲ."

ಪೆಟ್ಟು ವಾಸಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂದು ಕೇಳಿದೆ. ಮೊದಲು ಹೇಗಿದ್ದ ಎಂಬುದರ ಮೇಲೆ ಬಹಳಷ್ಟು ನಿಂತಿರುತ್ತದೆ, ಅದನ್ನೇ ಅವನು ಕೆಡಿಸಿಕೊಂಡಿದ್ದಾನಲ್ಲ ಎಂದರು. ಅವನು ಮೋಸ ಮಾಡಿದ್ದು ಕ್ಲಬ್ಬಿಗೆ ಎಂದು ನಾನು ಅಲ್ಲಿಯವರೆಗೆ ಭಾವಿಸಿದ್ದೆ.

ಅವನಿಗೆ ಸಂದೇಶ ಕಳಿಸಿದೆ: ಶುಕ್ರವಾರದೊಳಗೆ ನೀನು ಅವಳಿಗೆ ಹೇಳು, ಇಲ್ಲವಾದರೆ ನಾನು ಹೇಳುತ್ತೇನೆ. ಉತ್ತರ ಬರಲಿಲ್ಲ. ಆ ವಾರ ಫೋನು ಗುಂಯ್ ಎಂದಾಗಲೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ನೋಡುತ್ತಿದ್ದೆ. ಅವನು ಅಭ್ಯಾಸಕ್ಕೂ ಹೋಗುತ್ತಿದ್ದ, ಚೆಂಡಿಗೆ ತಲೆ ಕೊಡುತ್ತಿದ್ದ ಎಂಬುದು ನನಗೆ ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನ ಇಬ್ಬರೂ ನನ್ನ ಮನೆಗೆ ಬಂದರು. ಸಂಜೆಗೆ ಅವನು ತಂಡದ ಹೋಟೆಲ್ ಸೇರಿಕೊಳ್ಳಬೇಕಿತ್ತು. ತಂಗಿಯ ಕಣ್ಣುಗಳು ಊದಿಕೊಂಡಿದ್ದವು.

"ಅಕ್ಕ, ಹೇಳಿದೆ" ಎಂದ. "ಆದರೆ ನಾಳೆ ಆಡ್ತೀನಿ. ಕೊನೇದು."

ಕೊನೆಯದು ಎಂದು ಅವನು ಹೇಳಿದ್ದು ಆ ತಿಂಗಳ ಕೊನೆಯ ಪಂದ್ಯವೆಂಬ ಅರ್ಥದಲ್ಲಿ. ಆಮೇಲೆ ಕೆಲವು ವಾರಗಳ ಬಿಡುವು ಬರುತ್ತದೆ, ಆಗ ವಿಶ್ರಾಂತಿ ತೆಗೆದುಕೊಳ್ಳುತ್ತಾನಂತೆ. ನಾನು ಅಂಕಲ್ ಹೇಳಿದ್ದನ್ನೆಲ್ಲ ಒಂದೊಂದಾಗಿ ಅವನ ಮುಂದಿಟ್ಟೆ. ಅವನು ತಲೆಯಾಡಿಸುತ್ತ ಕೇಳಿದ. ಮನಸ್ಸು ಮಾತ್ರ ಕದಲಲಿಲ್ಲ. ಆಗ ತಂಗಿ ಸಿಂಕಿನ ಬಳಿಯಿಂದಲೇ, ತಿರುಗಿ ನೋಡದೆ ಹೇಳಿದಳು.

"ನಿಮ್ಮ ಮನೆಯಿಂದ ಆ ಕಾರ್ಖಾನೆ ಹಿಂದಿನ ಬಯಲಿಗೆ ಹೋಗೋ ದಾರಿ ಹೇಳು."

ಮದುವೆಯಾದ ಹೊಸದರಲ್ಲಿ ಅವನು ದಿನಾ ಅವಳಿಗೆ ಹೇಳುತ್ತಿದ್ದ ದಾರಿಯಂತೆ ಅದು. ನಿದ್ದೆಗಣ್ಣಿನಲ್ಲೂ ತಪ್ಪದೆ ಹೇಳುತ್ತಿದ್ದನಂತೆ. ಅವನು ನಕ್ಕು ಬೆರಳು ಮಡಿಸತೊಡಗಿದ. ರೊಟ್ಟಿ ಸುಡುವವರ ಓಣಿ. ಆಮೇಲೆ ಕ್ಷೌರದಂಗಡಿ, ನೀಲಿ ಬಾಗಿಲಿನ ಮನೆ. ಆಮೇಲೆ... ನಿಂತ. ಮತ್ತೆ ಮೊದಲಿನಿಂದ ಆರಂಭಿಸಿದ. ರೊಟ್ಟಿಯ ಓಣಿ, ಕ್ಷೌರದಂಗಡಿ, ನೀಲಿ ಬಾಗಿಲು. ಮಡಿಸಬೇಕಾದ ಬೆರಳು ಗಾಳಿಯಲ್ಲೇ ಉಳಿಯಿತು. ಮುಖದ ನಗು ಹೋಗಲು ಮರೆತಂತೆ ಹಾಗೆಯೇ ಇತ್ತು. ಅದನ್ನು ನೋಡುವುದು ನನ್ನಿಂದಾಗಲಿಲ್ಲ.

"ನಿನಗೆ ಗೊತ್ತು" ಎಂದ ತಂಗಿಗೆ.

"ಗೊತ್ತು."

"ಹೇಳು."

ಅವಳು ಹೇಳಲಿಲ್ಲ. ನಲ್ಲಿ ನಿಲ್ಲಿಸಿ, ಸೆರಗಿಲ್ಲದ ಅಂಗಿಯ ತುದಿಗೇ ಕೈ ಒರೆಸಿಕೊಂಡು, ಅವನ ಪಕ್ಕದಲ್ಲಿ ಬಂದು ಕೂತಳು. ಅವನು ತನ್ನ ಭಾಷೆಯಲ್ಲಿ, ತುಟಿ ಮಾತ್ರ ಅಲುಗಿಸುತ್ತ, ಇನ್ನೂ ಒಮ್ಮೆ ಆ ದಾರಿಯಲ್ಲಿ ನಡೆದ. ನೀಲಿ ಬಾಗಿಲಿನ ಆಚೆಗೆ ಏನೂ ಸಿಗಲಿಲ್ಲ. ಆಮೇಲೆ ಅವನೇ ಫೋನ್ ತೆಗೆದುಕೊಂಡು ತಂಡದ ವೈದ್ಯರಿಗೆ ಕರೆ ಮಾಡಿದ. ಋತುವಿನ ಆರಂಭದಲ್ಲಿ ತಾನು ಕೊಟ್ಟ ಉತ್ತರಗಳು ಸುಳ್ಳೆಂದು ಹೇಳಿದ.

ಮರುದಿನ ಅವನು ಆಡಲಿಲ್ಲ. ಆ ವರ್ಷ ಮತ್ತೆ ಆಡಲೇ ಇಲ್ಲ. ಆ ವಾರವೇ ತಂಡದ ಇಬ್ಬರು ಆಟಗಾರರು ಫೋನ್ ಮಾಡಿದ್ದರು. ತಲೆ ಹೇಗಿದೆ ಎಂದು ಕೇಳುವ ಮೊದಲು, ನಮ್ಮ ಹೆಸರನ್ನೂ ಹೇಳಿದೆಯಾ ಎಂದು ಕೇಳಿದರಂತೆ. ಅವನು ಹೇಳಿರಲಿಲ್ಲ. ಋತು ಮುಗಿದಾಗ ಕ್ಲಬ್ಬು ಒಪ್ಪಂದ ನವೀಕರಿಸಲಿಲ್ಲ. ಈಗ ಅವನು ಹೆಂಡತಿಯ ವೀಸಾದ ಮೇಲೆ ಮನೆಯಲ್ಲಿದ್ದಾನೆ. ಮಿಕ್ಸಿಯ ಸದ್ದನ್ನು ಸಹಿಸಬಲ್ಲ. ಎಷ್ಟು ಗುಣವಾಗಿದ್ದಾನೆ ಎಂದು ಹ್ಯೂಸ್ಟನ್‌ನ ತಜ್ಞರನ್ನು ಕೇಳಿದರೆ, ಮೊದಲು ಎಷ್ಟಿದ್ದ ಎಂದು ಅವರು ನಮ್ಮನ್ನೇ ಕೇಳುತ್ತಾರೆ. ಅವನು ಒಂದು ಹೆಸರು ತಡವರಿಸಿದರೂ ತಂಗಿ ಕೆಲಸ ಬಿಟ್ಟು ಅವನ ಮುಖ ನೋಡುತ್ತಾಳೆ. ಎಲ್ಲರಂತೆ ಮರೆತನೋ, ಪೆಟ್ಟಿನಿಂದ ಮರೆತನೋ, ಅವಳಿಗೆ ತಿಳಿಯುವ ದಾರಿಯಿಲ್ಲ. ಈ ಭಯ ಅವರ ಮನೆಯಲ್ಲಿ ಇನ್ನೂ ಇದೆ.

ಅವನನ್ನು ಸುಳ್ಳುಗಾರನೆಂದು ಕರೆಯಲು ನಾನು ಸಿದ್ಧಳಿಲ್ಲ. ನಿಜ ಹೇಳಿದವನು ಕೆಲಸ ಕಳೆದುಕೊಳ್ಳುವ ಕಡೆ, ಪರೀಕ್ಷೆಯ ಫಲಿತಾಂಶ ಒಪ್ಪಂದ ಬರೆಯುವವರ ಕೈಗೇ ಹೋಗುವ ಕಡೆ, ಜಾಣರು ಸುಳ್ಳನ್ನೇ ಕಲಿಯುತ್ತಾರೆ. ಬದಲಾಗಬೇಕಾದದ್ದು ಆ ವ್ಯವಸ್ಥೆ. ಅದು ದೊಡ್ಡ ಕ್ಲಬ್ಬುಗಳಿಂದ ಆರಂಭವಾಗಲಿ ಎಂದು ಕಾಯುವಷ್ಟು ತಾಳ್ಮೆ ನನಗೆ ಉಳಿದಿಲ್ಲ.

ಆದ್ದರಿಂದ ಒಂದು ಕೋರಿಕೆ. ನಿಮ್ಮ ಮಗಳೋ ಮಗನೋ ಯಾವುದಾದರೂ ತಂಡದಲ್ಲಿ ಆಡುತ್ತಿದ್ದರೆ, ಈ ವಾರವೇ ಅವರ ತರಬೇತುದಾರರನ್ನು ಕೇಳಿ: ತಲೆಗೆ ಪೆಟ್ಟು ಬಿದ್ದವರು ಮತ್ತೆ ಯಾವಾಗ ಆಡಬಹುದೆಂದು ನಿರ್ಧರಿಸುವವರು ಯಾರು? ತಂಡದವರೇ ಎಂದು ಅವರು ಹೇಳಿದರೆ, ತಂಡದ ಸೋಲು ಗೆಲುವಿಗೆ ಸಂಬಂಧವಿಲ್ಲದ ವೈದ್ಯರೊಬ್ಬರಿಗೆ ಆ ಅಧಿಕಾರ ಕೊಡಿಸಿ. ಕೊಡುವವರೆಗೆ ಕೇಳುತ್ತಲೇ ಇರಿ.